ಗದ್ದ ಬಿಟ್ಟೀರಿ

ಮೆಸೇಜಿನಲ್ಲಿ ಇದ್ದದ್ದು ಮೂರೇ ಪದ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ಕನ್ನಡ: “Madam, gadda bittiri.”

ಚೈತನ್ಯಾ ಓದಿದಳು. ಇನ್ನೊಮ್ಮೆ ಓದಿದಳು. ಅವಳ ಬಲಗೈ ಅವಳನ್ನು ಒಂದು ಮಾತೂ ಕೇಳದೆ ಮೇಲೆದ್ದು ಮಾಸ್ಕಿನ ತುದಿಯನ್ನು ಒತ್ತಿ ಹಿಡಿಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಈ ಹುಡುಗಿ ಮುಟ್ಟಿಕೊಂಡದ್ದು ಹೆಗಲಲ್ಲ, ಅಷ್ಟೇ ವ್ಯತ್ಯಾಸ.

ಗಡ್ಡ ಬಿಟ್ಟೀರಿ. ಅಂದರೆ ಗಡ್ಡ ಬೆಳೆಸಿದ್ದೀರಿ. ಇನ್ನೇನು ಅರ್ಥ ಬರಬೇಕು ಅದಕ್ಕೆ?

ಎದ್ದು ವಾಶ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡು ಮಾಸ್ಕ್ ಇಳಿಸಿದಳು. ಬೆಳಿಗ್ಗೆ ಐದಕ್ಕೆ ಡೊಂಬಿವಲಿಯ ಮನೆಯಲ್ಲಿ, ಅಪ್ಪ ಅಮ್ಮ ಏಳುವ ಮೊದಲು ರೇಜರ್ ಆಡಿಸಿದ್ದಳು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಬೆರಳಿಟ್ಟರೆ ಮಾತ್ರ ತರಿ ಸಿಗುತ್ತಿತ್ತು. ಹಾಗಾದರೆ ಮೆಸೇಜ್ ಕಳಿಸಿದ ಆಡಿಟರ್ ಸಂಗಮೇಶನಿಗೆ, ಇವರ ಕೆಲಸದ ತಪ್ಪು ಹುಡುಕಲು ಒಂದು ವಾರದ ಹಿಂದೆಯಷ್ಟೇ ಟೀಮಿಗೆ ಬಂದವನಿಗೆ, ಹೇಗೆ ಗೊತ್ತಾಯಿತು? ಇನ್ನು ಎಷ್ಟು ಜನಕ್ಕೆ ಗೊತ್ತು?

ಅವಮಾನ ಉಕ್ಕಿ ಬಂದರೆ ಕೆಲವರು ಅಳುತ್ತಾರೆ, ಕೆಲವರು ಜಗಳಕ್ಕೆ ಹೋಗುತ್ತಾರೆ. ಚೈತನ್ಯಾ ಮೊದಲು ಅತ್ತಳು, ಆಮೇಲೆ ಮಾಸ್ಕ್ ಏರಿಸಿಕೊಂಡು ಹೋದಳು.

“ನನ್ನ ಮುಖದ ವಿಷಯ ಮಾತಾಡ್ಲಿಕ್ಕೆ ನೀವು ಯಾರು?”

ಸಂಗಮೇಶ ಹೆಡ್‌ಫೋನ್ ತೆಗೆದ. ಮೂವತ್ತರ ಆಸುಪಾಸಿನ ಸಣಕಲು ಆಳು. ದೊಡ್ಡ ಕನ್ನಡಕ. “ನಿಮ್ಮ ಮುಖಾ? ನಾ ಏನ್ ಅಂದೀನ್ರಿ?”

“ಎಂತ ಬರ್ದದ್ದು ಅಂತ ನೀವೇ ನೋಡಿ.”

ಅವನು ನೋಡಿದ. ಅರ್ಥವಾಗಲಿಲ್ಲ. ತನ್ನ ಸ್ಕ್ರೀನನ್ನು ಅವಳ ಕಡೆ ತಿರುಗಿಸಿದ. “ನೀವು ಮುಂಜಾನಿ ಮುಗಿಸಿದ ಚಾರ್ಟ್ ಇದು. ಎರಡನೇ ಪೇಜಿನ್ಯಾಗ ಡಾಕ್ಟರ್ ಒಂಬತ್ತು ಕಡಿ ಕೂದಲಾ ನೋಡಿ ನಂಬರ್ ಕೊಟ್ಟಾರ. ತುಟಿ, ಗದ್ದ, ಎದಿ, ಹೊಟ್ಟಿ, ಬೆನ್ನು. ನೀವು ಎಲ್ಲಾ ಹಿಡದೀರಿ, ಗದ್ದ ಒಂದು ಬಿಟ್ಟೀರಿ. ರೋಗದ ಹೆಸರು ಬರದದ್ದೂ ಅದೇ ಸಾಲಿನ್ಯಾಗ. ಗದ್ದ ಬಿಟ್ರ ಕೋಡೇ ತಪ್ಪತದ.”

ಗದ್ದ. ಗಡ್ಡ ಅಲ್ಲ, ಗದ್ದ. ಬೆಳೆಸಿ ಬಿಟ್ಟದ್ದಲ್ಲ, ಬರೆಯದೆ ಬಿಟ್ಟದ್ದು. ಇಂಗ್ಲಿಷಿನ ಡಿ ಅಕ್ಷರಕ್ಕೆ ದಕಾರವೂ ಒಂದೇ, ಡಕಾರವೂ ಒಂದೇ. ಅದು ಮಾಡಿಟ್ಟ ಕಿತಾಪತಿ ಇದು.

“ಗ್ರೂಪಿನ್ಯಾಗ ಹಾಕಿದ್ರ ಎಲ್ಲಾರೂ ನೋಡ್ತಾರಂತ ನಿಮಗೊಬ್ಬರಿಗೇ ಕನ್ನಡದಾಗ ಹಾಕಿದೆ,” ಅಂದ ಅವನು. ಅನ್ನುತ್ತಿದ್ದಂತೆಯೇ ಅವನಿಗೂ ಎರಡನೇ ಅರ್ಥ ಹೊಳೆಯಿತು. ಕಿವಿ ಕೆಂಪಾಯಿತು.

ಆ ಕ್ಷಣದಲ್ಲಿ ಬೇರೆ ಯಾರೇ ಆಗಿದ್ದರೂ ಅವಳ ಗದ್ದದ ಕಡೆ ನೋಡುತ್ತಿದ್ದರು. ಅವಳೂ ಅದಕ್ಕೇ ಕಾಯುತ್ತಿದ್ದಳು. ಅವನ ಕಣ್ಣು ಇಳಿಯಲಿಲ್ಲ. ಅವಳ ಕಣ್ಣನ್ನೇ ನೋಡಿ, ನಿಧಾನಕ್ಕೆ ಸ್ಕ್ರೀನಿನ ಕಡೆ ತಿರುಗಿ, “ತಪ್ಪು ನಂದ್ರಿ,” ಅಂದ.

ಮರುದಿನ ಬಂದ ಮೆಸೇಜ್ ಕನ್ನಡ ಅಕ್ಷರದಲ್ಲಿತ್ತು. “ಮೇಡಂ, ಕನ್ನಡ ಕೀಬೋರ್ಡ್ ಹಾಕ್ಕೊಂಡೀನಿ. ಇನ್ನ ಮ್ಯಾಲೆ ದ ಅಂದ್ರ ದ, ಡ ಅಂದ್ರ ಡ.”

ಚೈತನ್ಯಾ ಮಾಸ್ಕಿನೊಳಗೆ ನಕ್ಕಳು. ಆ ನಗು ಯಾರಿಗೂ ಕಾಣಲಿಲ್ಲ, ಆದರೆ ಕಣ್ಣು ಚಿಕ್ಕದಾದದ್ದು ಮೂರು ಟೇಬಲ್ ಆಚೆ ಕೂತವನಿಗೆ ಕಂಡಿತು.

ಐರೋಳಿಯ ಆ ಆಫೀಸಿನ ಕೆಲಸ ಇಷ್ಟು. ದೂರದ ಅಮೆರಿಕದ ಆಸ್ಪತ್ರೆಗಳಿಂದ ರೋಗಿಗಳ ಚಾರ್ಟುಗಳು ಬರುತ್ತವೆ. ಅವನ್ನು ಓದಿ, ಡಾಕ್ಟರ್ ಬರೆದ ಪ್ರತಿ ಕಾಯಿಲೆಗೂ ಅದರ ಕೋಡ್ ಹಾಕಬೇಕು. ಇವರ ಟೀಮಿಗೆ ಸಿಕ್ಕಿದ್ದು ಚರ್ಮ ಮತ್ತು ಹಾರ್ಮೋನಿನ ಚಾರ್ಟುಗಳು. ಗಂಡಸಿಗೆ ಕೂದಲು ಬರುವ ಜಾಗದಲ್ಲಿ ಹೆಣ್ಣಿಗೆ ಬಂದರೆ ಅದು ಹಿರ್ಸುಟಿಸಂ, ಎಲ್ ಅರವತ್ತೆಂಟು ಪಾಯಿಂಟ್ ಸೊನ್ನೆ. ಡಾಕ್ಟರ್ ಬರೀ ‘ಕೂದಲು ಹೆಚ್ಚು’ ಅಂದು ಸುಮ್ಮನಾಗಿದ್ದರೆ ಪಾಯಿಂಟ್ ಒಂಬತ್ತು. ದಿನಕ್ಕೆ ಮೂವತ್ತು ಹೆಂಗಸರು ಚೈತನ್ಯಾಳ ಸ್ಕ್ರೀನಿನ ಮೇಲೆ ಹೀಗೆ ಬಂದು ಹೋಗುತ್ತಿದ್ದರು. ಗದ್ದ ಅನ್ನುವ ಸಾಲು ಬಂದಾಗ ಅವಳ ಕಣ್ಣು ತಾನಾಗಿ ಹಾರಿ ಮುಂದಿನ ಸಾಲಿಗೆ ಹೋಗುತ್ತಿತ್ತು. ಬೇಕೆಂದು ಮಾಡಿದ ತಪ್ಪಲ್ಲ ಅದು.

ಅವಳಿಗೆ ಇಪ್ಪತ್ತೆಂಟು. ಮನೆಯಲ್ಲಿ ತುಳು, ಬಿಲ್ಡಿಂಗಿನಲ್ಲಿ ಮರಾಠಿ, ಟ್ರೇನಿನಲ್ಲಿ ಹಿಂದಿ. ಅಪ್ಪ ಚೆನ್ನಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಕ್ಯಾಂಟೀನ್ ನೋಡಿಕೊಳ್ಳುತ್ತಿದ್ದರು. ಹದಿನೆಂಟರಲ್ಲೇ ತುಟಿಯ ಮೇಲೆ, ಗದ್ದದ ಕೆಳಗೆ ಕೂದಲು ಶುರುವಾದಾಗ ಅಮ್ಮ ಲೋಲಾಕ್ಷಿ, “ನಮ್ಮ ಕುಟುಂಬದಲ್ಲಿ ಎಲ್ಲರಿಗೂ ಸ್ವಲ್ಪ ಉಂಟು ಮಗಾ,” ಅಂದು ಪಾರ್ಲರಿಗೆ ಕಳಿಸಿದ್ದರು. ಡಾಕ್ಟರ ಹತ್ತಿರ ಹೋಗುವ ಮಾತು ಯಾರೂ ಎತ್ತಲಿಲ್ಲ.

ಎರಡು ವರ್ಷದ ಹಿಂದೆ ಒಂದು ಸಂಬಂಧ ಬಂದಿತ್ತು. ಮಾತುಕತೆ ಮುಗಿದು, ಚಹಾ ಕುಡಿದು, ಹೊರಡುವಾಗ ಹುಡುಗನ ಚಿಕ್ಕಮ್ಮ ಪ್ರೀತಿಯಿಂದ ಇವಳ ಗದ್ದ ಹಿಡಿದು ಮುದ್ದು ಮಾಡಲು ಕೈ ಚಾಚಿದರು. ಹಿಡಿದರು. ಅವರ ಬೆರಳು ಅಲ್ಲೇ ನಿಂತಿತು. ಮುದ್ದು ಪೂರ್ತಿಯಾಗಲಿಲ್ಲ. ಆ ಕಡೆಯಿಂದ ಆಮೇಲೆ ಫೋನೂ ಬರಲಿಲ್ಲ.

ಅಂದಿನಿಂದ ಚೈತನ್ಯಾ ಒಂದು ನಿಯಮ ಮಾಡಿಕೊಂಡಳು. ಯಾರನ್ನೂ ಒಂದು ಕೈ ಅಳತೆಗಿಂತ ಹತ್ತಿರ ಬಿಡುವುದಿಲ್ಲ. ಎಲ್ಲರೂ ಮಾಸ್ಕ್ ತೆಗೆದು ಎಸೆದ ಮೇಲೂ ಅವಳು ತೆಗೆಯಲಿಲ್ಲ. ಧೂಳಿನ ಅಲರ್ಜಿ ಅಂದಳು. ಮಧ್ಯಾಹ್ನ ಒಬ್ಬಳೇ, ಎಲ್ಲರೂ ಉಂಡೆದ್ದ ಮೇಲೆ ಉಣ್ಣುತ್ತಿದ್ದಳು.

ಸಂಗಮೇಶ ಅದನ್ನು ಗಮನಿಸಿದ. ಏನೂ ಕೇಳಲಿಲ್ಲ. ಒಂದು ದಿನ ಡಬ್ಬಿ ಹಿಡಿದು ಪ್ಯಾಂಟ್ರಿಗೆ ಬಂದು, ಅವಳ ಟೇಬಲಿನ ಹತ್ತಿರವೇ ಕುರ್ಚಿ ಎಳೆದು, ಕಿಟಕಿಯ ಕಡೆ ಮುಖ ಮಾಡಿ, ಅವಳಿಗೆ ಬೆನ್ನು ಕೊಟ್ಟು ಕೂತ.

“ನನಗ ಖಾಡಿ ನೋಡ್ಕೊಂತ ಉಣ್ಣೂ ಚಟಾ ಅದರಿ. ತಪ್ಪು ತಿಳೀಬ್ಯಾಡ್ರಿ.”

ಕಿಟಕಿಯಾಚೆ ಠಾಣೆಯ ಖಾಡಿ, ಅಂದರೆ ಒಳನುಗ್ಗಿದ ಸಮುದ್ರದ ಹಿನ್ನೀರು, ಕೆಸರು, ದೂರದಲ್ಲಿ ಗುಲಾಬಿ ಚುಕ್ಕೆಗಳಾಗಿ ಫ್ಲೆಮಿಂಗೊಗಳು. ಚೈತನ್ಯಾ ಆ ಬೆನ್ನನ್ನು ನೋಡಿದಳು. ಇಸ್ತ್ರಿ ಮಾಡಿದ ಅಂಗಿ, ಕಾಲರಿನ ಹತ್ತಿರ ನವೆದ ದಾರ. ಸ್ವಲ್ಪ ಹೊತ್ತು ಕಾದು ಮಾಸ್ಕ್ ಇಳಿಸಿದಳು. ಅವನು ತಿರುಗಲಿಲ್ಲ. ಭುಜದ ಮೇಲಿಂದ ಒಂದು ಮುಚ್ಚಳ ಹಿಂದಕ್ಕೆ ಬಂತು. ಅದರಲ್ಲಿ ಮುರಿದರೆ ಸದ್ದಾಗುವ ಗಟ್ಟಿ ಕಟಕ ರೊಟ್ಟಿ, ಶೇಂಗಾ ಹಿಂಡಿ.

“ಅವ್ವ ಮಾಡ್ಯಾಳ. ಖಾರ ಅದ, ನಿಮ್ಮ ಕಡ್ಯಾರಿಗೆ ಆಗತದೋ ಇಲ್ಲೋ.”

“ನಮ್ಮ ಕಡೆಯವರಿಗೆ ಖಾರ ಗೊತ್ತುಂಟು ಮಾರಾಯ್ರೆ,” ಅಂದು ಅವಳು ನೀರು ಕುಡಿದಳು. ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೇ ಅಂತ ಹೇಳಲು ಬರುವುದಿಲ್ಲ.

ಹೀಗೆ ಶುರುವಾಯಿತು. ದಿನವೂ ಬೆನ್ನಿಗೆ ಬೆನ್ನು ಕೊಟ್ಟು ಊಟ. ಅವಳ ನೀರುದೋಸೆ ಆ ಕಡೆ, ಅವನ ರೊಟ್ಟಿ ಈ ಕಡೆ. ಅವನ ‘ಅದ’ಕ್ಕೆ ಅವಳು ನಗುವುದು, ಅವಳ ‘ಉಂಟು’ವಿಗೆ ಅವನು ನಗುವುದು. ಅವನಪ್ಪ ಕಲಬುರಗಿ ಕಡೆಯಿಂದ ಬಂದು ಕಲ್ಯಾಣದ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷ ಮೂಟೆ ಹೊತ್ತು ಹೋಗಿಬಿಟ್ಟವರು. ಈಗ ಮನೆಯಲ್ಲಿ ಅವ್ವ ಮರೆಮ್ಮ, ಇವನು, ಇಬ್ಬರೇ.

ಹೊಸದಾಗಿ ಸೇರಿದವರಿಗೆ ಅವನು ಪಾಠ ಮಾಡುತ್ತಿದ್ದ ದಿನ ಚೈತನ್ಯಾಳೂ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಹಿಂದಿಯಲ್ಲಿ ಎಲ್ಲರಿಗೂ ಹೇಳಿದ್ದನ್ನು ಊಟದ ಹೊತ್ತಿಗೆ ಅವಳಿಗೆ ಕನ್ನಡದಲ್ಲಿ ಮತ್ತೊಮ್ಮೆ ಹೇಳಿದ.

“ಓಪಿಡಿ ಪೇಶಂಟಿನ ಚಾರ್ಟಿನ್ಯಾಗ ಡಾಕ್ಟರ್ ‘ಇರಬಹುದು’ ಅಂತ ಬರದಿದ್ರ ಅದನ್ನ ಕೋಡ್ ಮಾಡಂಗಿಲ್ಲ. ಕಣ್ಣಿಗೆ ಕಂಡ ಲಕ್ಷಣ ಅಷ್ಟ ಬರೀಬೇಕು. ಅಡ್ಮಿಟ್ ಆದವ್ರದು ಬ್ಯಾರೆ. ಡಿಸ್ಚಾರ್ಜ್ ದಿನದ ಮಟ ಆ ಅನುಮಾನ ಹಂಗೇ ಉಳಿದಿದ್ರ, ಅದು ಅದ ಅಂತಾನೇ ಬರೀಬೇಕು.”

“ಒಂದೇ ಅನುಮಾನ, ಹೊರಗಿದ್ರೆ ಸುಳ್ಳು, ಒಳಗೆ ಹೋದ್ರೆ ಸತ್ಯವಾ?”

“ಸುಳ್ಳಲ್ರಿ. ಇನ್ನಾ ಬರಿಯೂ ಹೊತ್ತು ಬಂದಿಲ್ಲ ಅಂತ.”

ಆ ಸಂಜೆ ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸುವಾಗ ಚೈತನ್ಯಾ ಲಕ್ಷಣಗಳನ್ನು ಎಣಿಸಿದಳು. ಕಲ್ಯಾಣದ ಫಾಸ್ಟ್ ಲೋಕಲ್ ಬಂದರೂ ಇವನು ಹತ್ತುವುದಿಲ್ಲ. ಅವಳ ಡೊಂಬಿವಲಿ ಸ್ಲೋ ಬರುವವರೆಗೆ ನಿಲ್ಲುತ್ತಾನೆ. ಲೇಡೀಸ್ ಡಬ್ಬಿ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ನಾಲ್ಕು ಹೆಜ್ಜೆ ದೂರದಲ್ಲೇ. ಗಾಡಿ ಹೊರಟ ಮೇಲೆ ಕೈ ಬೀಸುವುದಿಲ್ಲ, ಕನ್ನಡಕ ಸರಿಮಾಡಿಕೊಳ್ಳುತ್ತಾನೆ. ರೋಗದ ಹೆಸರು ಅವಳು ಬರೆಯಲಿಲ್ಲ. ಓಪಿಡಿ ಅಲ್ಲವೇ, ಲಕ್ಷಣ ಅಷ್ಟೇ ಸಾಕು ಅಂದುಕೊಂಡಳು.

ಅವಳಿಗೂ ಅದೇ ಲಕ್ಷಣಗಳಿದ್ದವು. ಪಾಪ, ತನ್ನದನ್ನು ತಾನು ಎಣಿಸಿಕೊಂಡವರು ಯಾರಿದ್ದಾರೆ?

ಮಳೆಗಾಲ ಮುಗಿದು ದೀಪಾವಳಿ ಹತ್ತಿರ ಬರುವಷ್ಟರಲ್ಲಿ ಅವಳ ದೇಹ ಬೇರೆ ದಾರಿ ಹಿಡಿಯಿತು. ಮೊದಲು ನಾಲ್ಕು ದಿನಕ್ಕೊಮ್ಮೆ ಇದ್ದ ರೇಜರ್ ದಿನಕ್ಕೊಮ್ಮೆ ಬಂದಿತ್ತು. ಈಗ ದಿನಕ್ಕೆರಡು ಸಲ. ಆಫೀಸಿನ ಬ್ಯಾಗಿನಲ್ಲೂ ಒಂದು. ಎದೆಯ ನಡುವೆ, ಹೊಟ್ಟೆಯ ಮೇಲೆ ಕಪ್ಪು ಗೆರೆ. ಮುಟ್ಟು ನಿಂತು ಐದು ತಿಂಗಳು. ಪಾರ್ಲರಿನ ಗಂಗಾತಾಯಿ ದಾರ ಕೆಳಗಿಟ್ಟು, “ಕಾಯ್ ಗ, ಇತಕಂ ಕಸಂ?” ಅಂದಳು. ಏನೇ ಇದು, ಇಷ್ಟೊಂದು ಹೇಗೆ ಅಂತ. ಚೈತನ್ಯಾ ಆ ಪಾರ್ಲರಿಗೆ ಹೋಗುವುದನ್ನೇ ಬಿಟ್ಟಳು.

ದನಿಯೂ ಒಡೆಯಿತು. ಎಸಿಯ ಗಾಳಿ, ಡೊಂಬಿವಲಿಯ ಹೊಗೆ ಅಂದಳು. ಕಷಾಯ ಕುಡಿದಳು.

ಒಂದು ಭಾನುವಾರ ಬೆಳಿಗ್ಗೆ ಸಂಗಮೇಶನಿಗೆ ಫೋನ್ ಮಾಡಿದಾಗ ಮರೆಮ್ಮ ಎತ್ತಿದರು.

“ಸಂಗಮೇಶ್ ಇದ್ದಾರಾ?”

“ಜಳಕಕ್ಕ ಹೋಗ್ಯಾನೋ ತಮ್ಮಾ. ಯಾರಂತ ಹೇಳ್ಲಿ?”

ತಮ್ಮಾ. ಚೈತನ್ಯಾ ಫೋನಿಟ್ಟಳು. ಆ ಹೆಂಗಸಿನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಅದೇ ಅವಳನ್ನು ಕೊಂದದ್ದು.

ಆ ವಾರದ ಶುಕ್ರವಾರ, ಠಾಣೆಯ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಸಂಗಮೇಶ ಅವಳನ್ನು ಕೂರಿಸಿದ. ಸಂಜೆಯ ಬಿಸಿಲು ಹಳಿಗಳ ಮೇಲೆ ಓರೆಯಾಗಿ ಬಿದ್ದಿತ್ತು. ಎರಡು ಗಾಡಿ ಹೋದವು. ಅವನು ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ.

“ಒಂದು ಮಾತು ಹೇಳ್ಬೇಕರಿ. ಒಂದು ತಿಂಗಳಾತು, ಬಾಯಿ ಮಟ ಬರ್ತದ, ಹೊಳ್ಳಿ ಹೋಗತದ.”

 ಅವಳಿಗೆ ಹೇಳಲಿ ಅನ್ನಿಸಿತು. ಹೇಳದಿರಲಿ ಅಂತಲೂ ಅನ್ನಿಸಿತು. ಹೇಳಿದರೆ ಮುಖ ತೋರಿಸಬೇಕಾಗುತ್ತದೆ.

“ನೀವು ಡಾಕ್ಟರಿಗೆ ತೋರಿಸ್ಬೇಕು. ನಾಳೇನ. ನಿಮ್ಮ ದನಿ ಬದಲಾಗ್ಯದ. ಎಂಟು ತಿಂಗಳದಾಗ. ಮೊದಲ ದಿನ ಜಗಳಕ್ಕ ಬಂದಾಗ ಇದ್ದ ದನಿ ಇದಲ್ಲ. ನನಗ ಆ ದನಿ ಬಾಯಿಪಾಠ ಅದ. ಹತ್ತು ವರ್ಷದಾಗ ನಿಧಾನ ಬರೂದು ಬ್ಯಾರೆ ಚೈತನ್ಯಾ ಅವರ, ಎಂಟು ತಿಂಗಳದಾಗ ಓಡಿ ಬರೂದು ಬ್ಯಾರೆ. ಎಷ್ಟು ಚಾರ್ಟ್ ಓದೀವಿ ನಾವು. ಒಳಗ ಗಂಟು ಏನರ ಇದ್ರ...”

ಅವಳಿಗೆ ಮುಂದಿನದು ಕೇಳಿಸಲಿಲ್ಲ. ಗೊತ್ತಿತ್ತು. ಇವನಿಗೆ ಎಲ್ಲ ಗೊತ್ತಿತ್ತು. ಕಿಟಕಿಯ ಕಡೆ ತಿರುಗಿ ಕೂತವನು ಗೊತ್ತಿದ್ದೇ ತಿರುಗಿ ಕೂತಿದ್ದ.

“ನನ್ನನ್ನು ಚಾರ್ಟಿನ ಹಾಗೆ ಓದಿದ್ರಾ? ಇಷ್ಟು ದಿನ ಬೆನ್ನು ಹಾಕಿ ಕೂತದ್ದು ಅಸಹ್ಯಕ್ಕಾ?”

“ಅಸಹ್ಯ?” ಅವನ ಮುಖ ಬಿಳುಚಿತು. “ನೀವು ಆರಾಮ ಉಣ್ಲಿ ಅಂತ ಕೂತೆ.”

“ಅನುಮಾನ ಕೋಡ್ ಮಾಡ್ಬಾರ್ದು ಅಂತ ಹೇಳಿದ್ದು ನೀವೇ ಅಲ್ವಾ?”

“ಕೋಡ್ ಮಾಡ್ಬಾರ್ದು. ಖರೇ. ಆದ್ರ ಅನುಮಾನ ಬಂದ್ರ ಡಾಕ್ಟರಿಗೆ ಕೇಳಬೇಕು. ಕೇಳಲಾರ್ದ ಮುಂದ ಹೋಗೂದು ದೊಡ್ಡ ತಪ್ಪು. ನಾ ಹೇಳಿದ್ರ ನೀವು ನನ್ನ ಜೋಡಿ ಮಾತು ಬಿಡ್ತೀರಿ ಅಂತ ಗೊತ್ತಿತ್ತು. ಬಿಡ್ರಿ. ಆದ್ರ ತೋರಿಸ್ರಿ.”

ಡೊಂಬಿವಲಿ ಸ್ಲೋ ಬಂತು. ಅವಳು ಹತ್ತಿದಳು, ತಿರುಗಿ ನೋಡಲಿಲ್ಲ. ಮುಂಬ್ರಾ ಸ್ಟೇಷನ್ ದಾಟುವಷ್ಟರಲ್ಲಿ ಅವನ ನಂಬರ್ ಬ್ಲಾಕ್ ಮಾಡಿದ್ದಳು. ಪ್ರೀತಿಯ ಮಾತು ಬರುತ್ತದೆಂದು ಕೂತವಳಿಗೆ ರೋಗದ ಮಾತು ಬಂದಿತ್ತು. ಅದರೊಳಗೆ ಪ್ರೀತಿಯೂ ಇತ್ತೆಂದು ತಿಳಿಯುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಹತ್ತು ದಿನ ಅವರು ಮಾತಾಡಲಿಲ್ಲ. ಅವನು ದಿನವೂ ಕಿಟಕಿಗೆ ಮುಖ ಮಾಡಿ ಉಣ್ಣುತ್ತಿದ್ದ. ಅವಳು ಊಟಕ್ಕೆ ಹೋಗುವುದನ್ನೇ ಬಿಟ್ಟಿದ್ದಳು.

ಹನ್ನೊಂದನೇ ದಿನ ಒಂದು ಚಾರ್ಟ್ ಬಂತು. ಇಪ್ಪತ್ತೊಂಬತ್ತರ ಹೆಂಗಸು. ಗದ್ದದ ಸಾಲು ಬಂದಾಗ ಕಣ್ಣು ಹಾರಲು ಹೊರಟಿತು. ಚೈತನ್ಯಾ ಹಿಡಿದು ನಿಲ್ಲಿಸಿದಳು. ಓದಿದಳು. ಕೂದಲು, ದನಿ, ನಿಂತ ಮುಟ್ಟು. ಎರಡು ವರ್ಷ ಯಾರಿಗೂ ತೋರಿಸಿರಲಿಲ್ಲ. ಕಾರಣದ ಕಡೆ ಡಾಕ್ಟರ್ ಒಂದೇ ಸಾಲು ಬರೆದಿದ್ದರು: ರೋಗಿ ನಾಚಿಕೆಯಿಂದ ಬರಲಿಲ್ಲ. ಕೊನೆಯ ಪುಟದಲ್ಲಿ ಅಂಡಾಶಯದ ಗಂಟು ಈಗಾಗಲೇ ಬೇರೆ ಕಡೆ ಹರಡಿತ್ತು.

ನಾಚಿಕೆಗೆ ಆ ಪುಸ್ತಕದಲ್ಲಿ ಕೋಡ್ ಹುಡುಕಿದರೆ ಎಲ್ಲಿ ಸಿಕ್ಕೀತು?

ಅವಳು ಆ ಚಾರ್ಟ್ ಮುಗಿಸಿ, ಒಂದು ಬಿಳಿ ಹಾಳೆ ತೆಗೆದುಕೊಂಡು ಒಂಬತ್ತು ಜಾಗದ ಹೆಸರು ಬರೆದಳು, ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ನಂಬರ್ ಕೊಡಲು. ಮನೆಗೆ ಹೋಗಿ, ಬಾತ್‌ರೂಮಿನ ಚಿಲಕ ಹಾಕಿಕೊಂಡು, ಮೊದಲ ಸಲ ಕನ್ನಡಿಯ ಮುಂದೆ ಸುಳ್ಳು ಹೇಳದೆ ನಿಂತಳು. ತುಟಿ ಮೂರು. ಎದೆ ಎರಡು. ಹೊಟ್ಟೆ, ಬೆನ್ನು, ತೊಡೆ. ಗದ್ದ ಕೊನೆಗೆ. ಪೆನ್ಸಿಲ್ ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು. ಗದ್ದ ನಾಲ್ಕು. ಒಟ್ಟು ಇಪ್ಪತ್ತಮೂರು. ಎಂಟು ದಾಟಿದರೆ ಡಾಕ್ಟರಿಗೆ ತೋರಿಸಬೇಕು ಎಂದು ಅವಳೇ ಎಷ್ಟು ಸಲ ಓದಿದ್ದಳೋ.

ಹಾಳೆ ಹಿಡಿದು ಅಡುಗೆಮನೆಗೆ ಬಂದಳು. ಮಾಸ್ಕ್ ಇರಲಿಲ್ಲ, ಸಂಜೆಯ ರೇಜರ್ ಆಗಿರಲಿಲ್ಲ.

“ದಾನೆ ಮಗಾ?” ಅಂದು ತಿರುಗಿದ ಲೋಲಾಕ್ಷಿಯ ಕೈಯಿಂದ ಸೌಟು ಜಾರಿತು. ಏನು ಮಗಾ ಅಂತ ಕೇಳಿದವರು ಅದನ್ನು ಎತ್ತಿಕೊಳ್ಳಲಿಲ್ಲ. ಬಂದು ಮಗಳನ್ನು ಅಪ್ಪಿಕೊಂಡರು. ಪಾರ್ಲರಿಗೆ ಕಳಿಸಿದ ತಾಯಿಗೆ ಆಗ ಎಷ್ಟು ನೋವಾಯಿತೆಂದು ಬರೆಯುವುದು ಬೇಡ.

ಠಾಣೆಯ ಡಾಕ್ಟರ್ ಹಾಳೆಯನ್ನು ಎರಡು ಸಲ ಓದಿ, “ಇಷ್ಟು ಪ್ರಾಮಾಣಿಕವಾಗಿ ಯಾರೂ ಬರೆದು ತರುವುದಿಲ್ಲ,” ಅಂದರು. ರಕ್ತದಲ್ಲಿ ಗಂಡಸಿನ ಹಾರ್ಮೋನ್ ಇರಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಸ್ಕ್ಯಾನಿನಲ್ಲಿ ಎಡ ಅಂಡಾಶಯದೊಳಗೆ ನಿಂಬೆ ಗಾತ್ರದ ಗಂಟು. ಆ ಕಡೆಯ ಅಂಡಾಶಯ ಪೂರ್ತಿ ತೆಗೆಯಬೇಕು, ತಡ ಮಾಡಬಾರದು. ಒಂದು ಉಳಿಯುತ್ತದೆ, ಮಕ್ಕಳಾಗಲು ಒಂದು ಸಾಕು. ಗಂಟು ಯಾವ ಜಾತಿಯದೆಂದು ತೆಗೆದ ಮೇಲೆಯೇ ತಿಳಿಯುವುದು. ಕೂದಲು ನಿಧಾನಕ್ಕೆ ಕಮ್ಮಿಯಾದೀತು. ದನಿ ಮಾತ್ರ ಬಹುಶಃ ಹಿಂದಕ್ಕೆ ಬರುವುದಿಲ್ಲ.

ಅಡ್ಮಿಟ್ ಆಗುವ ಹಿಂದಿನ ದಿನ ಮಧ್ಯಾಹ್ನ ಚೈತನ್ಯಾ ಅವನ ನಂಬರಿನ ಬ್ಲಾಕ್ ತೆಗೆದು ಎರಡು ಪದ ಕಳಿಸಿದಳು. ಕನ್ನಡ ಅಕ್ಷರದಲ್ಲೇ, ದ ಸ್ಪಷ್ಟವಾಗಿ ದ.

“ಗದ್ದ ಬಿಡಲಿಲ್ಲ.”

ಅವನಿಂದ ಬಂದ ಉತ್ತರವೂ ಎರಡೇ ಪದ. “ಯಾವ ಆಸ್ಪತ್ರೆ?”

ಆಪರೇಷನ್ ಆದ ದಿನವೂ ಮರುದಿನವೂ ಅವನು ಬಂದಿದ್ದನೆಂದು ಅಮ್ಮ ಹೇಳಿದರು. ಹೊರಗೆ ಕೂತಿದ್ದ, ಚೆನ್ನಯರಿಗೆ ಚಹಾ ತಂದುಕೊಟ್ಟ, ಒಳಗೆ ಬರುತ್ತೇನೆ ಅನ್ನಲಿಲ್ಲ. ಮೂರನೇ ದಿನ ಅವಳೇ ಕರೆಸಿದಳು. ಕರೆಸಿದ ಮೇಲೆ ಭಯವಾಯಿತು. ನಾಲ್ಕು ದಿನದಿಂದ ರೇಜರ್ ಮುಟ್ಟಿರಲಿಲ್ಲ. ಕೈಗೆ ಸಲೈನ್, ಹೊಟ್ಟೆಗೆ ಹೊಲಿಗೆ. ಮುಖದ ಮೇಲೆ ಬೆಳೆದದ್ದಕ್ಕೆ ತರಿ ಎಂಬ ಹೆಸರು ಈಗ ಸಾಲುತ್ತಿರಲಿಲ್ಲ. ಬಾಗಿಲಲ್ಲಿ ಅವನ ಹೆಜ್ಜೆ ಕೇಳುತ್ತಿದ್ದಂತೆ ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡಳು.

ಅವನು ನೋಡಿದ. ಹೊದಿಕೆಯನ್ನೂ ಅದರ ಮೇಲಿನ ಕಣ್ಣುಗಳನ್ನೂ ನೋಡಿದ. ಮೂಲೆಯ ಸ್ಟೂಲನ್ನು ತಂದು ಕಿಟಕಿಯ ಕಡೆ ಮುಖ ಮಾಡಿ, ಅವಳಿಗೆ ಬೆನ್ನು ಕೊಟ್ಟು ಕೂತ.

“ಇಲ್ಲಿ ಖಾಡಿ ಕಾಣಂಗಿಲ್ಲರಿ. ರಿಕ್ಷಾ ಸ್ಟ್ಯಾಂಡ್ ಕಾಣತದ.”

ಅದೇ ಬೆನ್ನು, ಅದೇ ಕಾಲರಿನ ನವೆದ ದಾರ. ಚೈತನ್ಯಾಳಿಗೆ ಅಳು ಬಂತು, ಅತ್ತರೆ ಹೊಲಿಗೆ ಎಳೆಯುತ್ತಿತ್ತು.

“ಸಂಗಮೇಶ್.”

“ಹೇಳ್ರಿ.”

“ತಿರುಗಿ.”

“ಬ್ಯಾಡ ಬಿಡ್ರಿ. ನೀವು ಆರಾಮ ಆದ ಮ್ಯಾಲೆ.”

“ತಿರುಗಿ ಅಂದೆ ಅಲ್ವಾ ಮಾರಾಯ್ರೆ.”

ಅವಳು ಹೊದಿಕೆಯನ್ನು ಕುತ್ತಿಗೆಯವರೆಗೆ ಇಳಿಸಿದಳು. ಅವನು ತಿರುಗಿದ. ಒಂಬತ್ತು ತಿಂಗಳ ಮೇಲೆ ಮೊದಲ ಸಲ ಅವಳ ಪೂರ್ತಿ ಮುಖ ಅವನ ಎದುರಿಗಿತ್ತು. ಅವನು ಹಣೆ ನೋಡಿದ, ಹುಬ್ಬು ನೋಡಿದ, ಕಣ್ಣಲ್ಲಿ ಕಣ್ಣಿಟ್ಟು ಅಲ್ಲೇ ನಿಂತ. ಕೆಳಗಿಳಿಯಲಿಲ್ಲ. ಮೊದಲ ದಿನದ ಹಾಗೆಯೇ.

ಅವಳು ಕಾದಳು. ಆಮೇಲೆ ಆ ಒಡೆದ, ದಪ್ಪ ದನಿಯಲ್ಲಿ, ಅವನದೇ ಕನ್ನಡದಲ್ಲಿ ಹೇಳಿದಳು.

“ಗದ್ದ ಬಿಟ್ಟೀರಿ.”

ಸಂಗಮೇಶನ ಕಣ್ಣು ಇಳಿಯಿತು. ತುಟಿ ದಾಟಿ ಗದ್ದಕ್ಕೆ ಬಂತು. ಕಪ್ಪು, ಒತ್ತಾದ, ನಾಲ್ಕು ದಿನದ ಕೂದಲು. ಅವನು ಅವಸರ ಮಾಡಲಿಲ್ಲ. ಒಂದು ಸಾಲನ್ನೂ ಬಿಡದೆ ಓದುವವನ ಹಾಗೆ ನೋಡಿದ. ಸ್ಟೂಲನ್ನು ಹತ್ತಿರ ಎಳೆದುಕೊಂಡು ಕೈ ಚಾಚಿದ. ಬೆರಳು ಗದ್ದಕ್ಕೆ ತಾಗಿತು. ಅಲ್ಲೇ ನಿಲ್ಲಲಿಲ್ಲ, ಹಿಂದೆ ಸರಿಯಲಿಲ್ಲ. ಇಡೀ ಗದ್ದವನ್ನು ಅಂಗೈಯಲ್ಲಿ ಹಿಡಿದುಕೊಂಡ.

“ಇಲ್ಲ,” ಅಂದ. ಇನ್ನೊಮ್ಮೆ ಅಂದ. “ಇಲ್ಲ, ಬಿಡಂಗಿಲ್ಲ.”

ಬಾಗಿಲ ಹತ್ತಿರ ಹಾಲು ಹಿಡಿದು ಬಂದ ಲೋಲಾಕ್ಷಿ ಒಳಗೆ ಬರದೆ ಹಿಂದಕ್ಕೆ ಹೋದರು.

ಡಿಸ್ಚಾರ್ಜ್ ಆದದ್ದು ಐದನೇ ದಿನ ಬೆಳಿಗ್ಗೆ. ಗಂಟಿನ ಪೂರ್ತಿ ವರದಿ ಬರಲು ಇನ್ನೊಂದು ವಾರ ಬೇಕಿತ್ತು. ಡಾಕ್ಟರ್ ಕೊಟ್ಟ ಕಾಗದವನ್ನು ಸಂಗಮೇಶ ಅಭ್ಯಾಸಬಲದಿಂದ ಮೇಲಿನಿಂದ ಕೆಳಗೆ ಓದಿದ. ಒಂದು ಸಾಲಿನಲ್ಲಿ ಅವನ ಬೆರಳು ನಿಂತಿತು.

“ಏನು ಬರ್ದಿದ್ದಾರೆ?” ಚೈತನ್ಯಾ ಕೇಳಿದಳು. ಕೈಯಲ್ಲಿ ಅಮ್ಮನ ಚೂಡಿದಾರದ ದುಪಟ್ಟಾ ಮುದುಡಿಕೊಂಡಿತ್ತು. “ಸರಿಯಾಗಿ ಹೇಳಿ. ನನಗೂ ಓದ್ಲಿಕ್ಕೆ ಬರ್ತದೆ.”

“ಬಹುತೇಕ ಸಾದಾ ಗಂಟು, ಕ್ಯಾನ್ಸರ್ ಅಲ್ಲ ಅಂತ ಬರದಾರ. ಬಹುತೇಕ.”

 ಬಹುತೇಕ ಅನ್ನುವ ಪದದ ತೂಕ ಇವರಿಬ್ಬರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿದ್ದೀತು. ಹೊರಗೆ ಚೆನ್ನಯ ರಿಕ್ಷಾ ಹುಡುಕಲು ಹೋಗಿದ್ದರು.

“ಅಡ್ಮಿಟ್ ಆದ ಪೇಶಂಟ್ ನಾನು,” ಅಂದಳು ಚೈತನ್ಯಾ ನಿಧಾನಕ್ಕೆ. “ಡಿಸ್ಚಾರ್ಜ್ ದಿನದವರೆಗೂ ಅನುಮಾನ ಹಾಗೇ ಉಳಿದ್ರೆ ಎಂತ ಮಾಡ್ಬೇಕು ಅಂತ ಹೇಳಿದ್ರಿ?”

“ಅದ ಅಂತಾನೇ ಬರೀಬೇಕು.”

“ಹಾಗಾದ್ರೆ ಅದು ಸಾದಾ ಗಂಟೇ. ವರದಿ ಬರುವವರೆಗೆ ನಾನು ಹಾಗೇ ಬರ್ಕೊಳ್ತೇನೆ.” ಅವಳು ದುಪಟ್ಟಾವನ್ನು ಬಿಡಿಸಿ ಮತ್ತೆ ಮುದುಡಿದಳು. “ಇನ್ನೊಂದು ಅನುಮಾನ ಉಂಟು. ಅದಕ್ಕೂ ಒಂಬತ್ತು ತಿಂಗಳಾಯ್ತು. ಇವತ್ತು ಡಿಸ್ಚಾರ್ಜ್.”

ಸಂಗಮೇಶ ಕನ್ನಡಕ ತೆಗೆದ. ಒರೆಸಲಿಲ್ಲ, ಕೈಯಲ್ಲೇ ಹಿಡಿದುಕೊಂಡ. ಕಣ್ಣು ತುಂಬಿತ್ತು.

“ನನ್ನ ದನಿ ಹೀಗೆಯೇ ಇರ್ತದಂತೆ,” ಅಂದಳು. “ಕೂದಲೂ ಪೂರ್ತಿ ಹೋಗ್ಲಿಕ್ಕಿಲ್ಲ. ಆ ವರದಿಯಲ್ಲಿ ಎಂತ ಉಂಟೋ ಯಾರಿಗೆ ಗೊತ್ತು. ಎಲ್ಲ ನೋಡಿ ಹೇಳಿ.”

“ನಿನ್ನ ಮ್ಯಾಲೆ ನನಗ ಪ್ರೀತಿ ಅದ,” ಅಂದ ಸಂಗಮೇಶ. ಒಂಬತ್ತು ತಿಂಗಳು ‘ನೀವು’ ಅಂದವನ ಬಾಯಲ್ಲಿ ಆ ‘ನಿನ್ನ’ ತಾನಾಗಿ ಬಂದಿತ್ತು. ಅದು ಇಬ್ಬರಿಗೂ ಕೇಳಿಸಿತು. “ಆವಾಗಿಂದಾನೂ ಅದ. ಬರಿ.”

ಅವಳು ಬರೆಯಲು ಅಲ್ಲಿ ಏನೂ ಇರಲಿಲ್ಲ. ಅವನ ಅಂಗೈ ತೆಗೆದುಕೊಂಡು ತನ್ನ ಗದ್ದಕ್ಕೆ ಒತ್ತಿಕೊಂಡಳು.

ಆಗಲೇ ಅವನ ಫೋನ್ ಬಡಿದುಕೊಂಡಿತು. ಸ್ಕ್ರೀನಿನ ಮೇಲೆ ‘ಅವ್ವ’. ಅವನು ಕಟ್ ಮಾಡಲು ಹೋದ. ಚೈತನ್ಯಾ ಫೋನನ್ನು ಅವನ ಕೈಯಿಂದ ತೆಗೆದುಕೊಂಡು ಕಿವಿಗಿಟ್ಟಳು. 

“ಹಲೋ.”

“ಯಾರಪಾ?” ಅಂದರು ಮರೆಮ್ಮ. “ಸಂಗು ಎಲ್ಲಿ ಹೋಗ್ಯಾನ?”

“ಇಲ್ಲೇ ಇದ್ದಾರೆ. ನಾನು ಚೈತನ್ಯಾ, ಅತ್ತೀ.”

 ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು. ಸ್ಟೋವ್ ಆರಿಸಿದ ಸದ್ದು. ಅಂದು ಭಾನುವಾರ ಕೇಳಿದ ದನಿ ಮರೆಮ್ಮನಿಗೆ ನೆನಪಾಯಿತೋ, ಮಗ ಮನೆಯಲ್ಲಿ ಏನು ಹೇಳಿದ್ದನೋ. 

“ಊಟ ಆತೇನ ತಂಗೀ?” ಅಂದರು ಮರೆಮ್ಮ. “ಇಲ್ಲಂದ್ರ ಸಂಗೂ ಮನಿಗೆ ಬಂದ್ರ ಅವನ ಕೈಯಾಗ ರೊಟ್ಟಿ ಕಟ್ಟಿ ಕಳಿಸ್ತೀನಿ, ಮೆತ್ತನ್ನವು.”